ಮೇಜಿನ ಮೇಲೊಂದು ಮೀಟರ್‌ಗೇಜ್: ಯುದ್ಧದಾಟಕ್ಕೆ ನಾನು ಹಳಿ ಕಟ್ಟಿದ ಬಗೆ

ಸೈನಿಕರ ಗೊಂಬೆಗಳನ್ನು ಮೇಜಿನ ಮೇಲಿರಿಸಿ, ಅಳತೆಪಟ್ಟಿ ಮತ್ತು ದಾಳಗಳ ನೆರವಿನಿಂದ ಆಡುವ ಯುದ್ಧದಾಟದಲ್ಲಿ ರೈಲು ಹಳಿಯಷ್ಟು ಪ್ರಯೋಜನಕ್ಕೆ ಬರುವ ರಂಗಸಾಮಗ್ರಿ ಇನ್ನೊಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಗುಡ್ಡ, ಮನೆ, ಮರಗಳ ಗುಂಪು ಇವೆಲ್ಲ ಮೇಜಿನ ಒಂದೊಂದು ಮೂಲೆ ಹಿಡಿದು ಕುಳಿತುಬಿಡುತ್ತವೆ. ಹಳಿಯಾದರೋ ಈ ತುದಿಯಿಂದ ಆ ತುದಿಗೆ ಹಾದು ಇಡೀ ರಣರಂಗವನ್ನು ಎರಡಾಗಿ ಸೀಳುತ್ತದೆ, ತನ್ನನ್ನು ಹೊತ್ತ ಮಣ್ಣಿನ ಏರಿಯ ಆಚೆ ನಿಂತವರನ್ನು ಮರೆಮಾಡುತ್ತದೆ, ಇಬ್ಬರು ಆಟಗಾರರಿಗೂ ಕಾದಾಡಲು ಒಂದು ಕಾರಣವನ್ನು ಒದಗಿಸುತ್ತದೆ. ಕಾರವಾರದ ನಮ್ಮ ಮನೆಯಲ್ಲಿರುವ ನಾಲ್ಕಡಿ ಅಗಲ, ಆರಡಿ ಉದ್ದದ ಮೇಜಿಗೆ ಇಂಥ ಹಳಿಯನ್ನು ನಾನೇ ಕಟ್ಟಿಕೊಂಡೆ.

ಎಲ್ಲಕ್ಕಿಂತ ಮೊದಲು ಇತ್ಯರ್ಥವಾಗಬೇಕಾದದ್ದು ಅಳತೆ. ನನ್ನ ಸೈನಿಕರು 28 ಮಿ.ಮೀ. ಎತ್ತರದವರು, ಪ್ರಮಾಣದಲ್ಲಿ ಹೇಳುವುದಾದರೆ ಸುಮಾರು 1:56ರಿಂದ 1:60. ಮಾದರಿ ರೈಲುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಪ್ರಮಾಣ 1:87, ಅದರ ಹಳಿಗಳ ನಡುವಿನ ಅಂತರ 16.5 ಮಿ.ಮೀ. ಅಂಥ ಬೋಗಿಯ ಪಕ್ಕದಲ್ಲಿ ನಮ್ಮ ಸೈನಿಕನನ್ನು ನಿಲ್ಲಿಸಿದರೆ ಅವನ ತಲೆ ಬಾಗಿಲನ್ನು ಮೀರಿ ಮೇಲೆ ಹೋಗುತ್ತದೆ. ಹಾಗೆಂದು 32 ಮಿ.ಮೀ. ಅಂತರದ ಒ ಗೇಜ್ ಕೊಳ್ಳಲು ಹೋದರೆ ಬೆಲೆ ಕೈಗೆಟುಕುವುದಿಲ್ಲ, ಬೋಗಿಗಳೂ ಮೇಜನ್ನು ನುಂಗುತ್ತವೆ. ಆದರೆ 16.5 ಅನ್ನು 60ರಿಂದ ಗುಣಿಸಿದರೆ 990 ಬರುತ್ತದೆ; ಮೀಟರ್‌ಗೇಜ್ ಎಂದರೆ ಹಳಿಗಳ ನಡುವೆ ಒಂದು ಮೀಟರ್, ಅಂದರೆ 1000 ಮಿ.ಮೀ. ಅಂತರವಿರುವ ಮಾರ್ಗ. ಅಂದರೆ ಎಚ್‌ಒ ರೈಲಿನ ಚಕ್ರಗಳು 28 ಮಿ.ಮೀ. ಸೈನಿಕರಿಗೆ ಬಹುಮಟ್ಟಿಗೆ ಸರಿಯಾದ ಮೀಟರ್‌ಗೇಜ್ ಚಕ್ರಗಳೇ ಆಗುತ್ತವೆ! ಬದಲಿಸಬೇಕಾದದ್ದು ಚಕ್ರಗಳ ಮೇಲಿನ ಪೆಟ್ಟಿಗೆಯನ್ನು ಮತ್ತು ಹಳಿಗಳ ಕೆಳಗಿನ ಸ್ಲೀಪರುಗಳನ್ನು, ಅಂದರೆ ಅಡ್ಡಪಟ್ಟಿಗಳನ್ನು, ಮಾತ್ರ.

ಈ ಲೆಕ್ಕ ಕೂಡಿದ ಮೇಲೆ ಯಾವ ಯುದ್ಧ ಆಡಬೇಕೆಂಬ ಪ್ರಶ್ನೆಗೂ ಉತ್ತರ ಸಿಕ್ಕಿತು. ಬರ್ಮಾದ ಮುಖ್ಯ ರೈಲುಮಾರ್ಗಗಳೆಲ್ಲ ಮೀಟರ್‌ಗೇಜಿನವು. 1943ರ ಮಾರ್ಚ್ ತಿಂಗಳಲ್ಲಿ ಬ್ರಿಟಿಷ್ ಸೇನಾಧಿಕಾರಿ ವಿಂಗೇಟ್ ಅವರ, ಜಪಾನೀಯರ ಬೆನ್ನ ಹಿಂದೆ ನುಗ್ಗಿ ದಾಳಿ ಮಾಡುತ್ತಿದ್ದ ಚಿಂಡಿಟ್ ಪಡೆಯವರು ಮಂಡಾಲೆಯಿಂದ ಮಿಟ್ಕೀನಾಕ್ಕೆ ಹೋಗುವ ಮಾರ್ಗವನ್ನು ಹಲವೆಡೆ ತುಂಡರಿಸಿ, ಬೊನ್‌ಚೌಂಗ್ ಬಳಿಯ ಸೇತುವೆಯನ್ನು ಸ್ಫೋಟಿಸಿದ್ದರು. ಮೊದಲ ಮಹಾಯುದ್ಧದಲ್ಲಿ ದಾಳಿಗೊಳಗಾದ ಅರೇಬಿಯಾದ ಹಿಜಾಜ್ ರೈಲಿನ ಹಳಿ 1050 ಮಿ.ಮೀ., ಬೋಯರ್ ಯುದ್ಧ ನಡೆದ ದಕ್ಷಿಣ ಆಫ್ರಿಕದ್ದು 1067 ಮಿ.ಮೀ.; ಮೇಜಿನ ಮೇಲೆ ಈ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅದೇ ಹಳಿ ಆ ಯುದ್ಧಗಳಿಗೂ ಸಲ್ಲುತ್ತದೆ. ನನ್ನ ಮನಸ್ಸು ಬರ್ಮಾದ ಕಡೆಗೇ ವಾಲಿತು. ನಮ್ಮ ಜಿಲ್ಲೆಯ ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ಮೂಲಕ ಗೋವೆಗೆ ಇಳಿಯುವ ಮಾರ್ಗವೂ 1990ರ ದಶಕದವರೆಗೆ ಮೀಟರ್‌ಗೇಜೇ ಆಗಿತ್ತು. ಕಾಡು, ಬಿದಿರುಮೆಳೆ, ಕಣಿವೆಗೆ ಹಾಕಿದ ಸೇತುವೆ ಇವು ಹೇಗಿರುತ್ತವೆ ಎಂದು ತಿಳಿಯಲು ನಾನು ಬರ್ಮಾದ ಚಿತ್ರಗಳನ್ನು ಹುಡುಕಬೇಕಾಗಿರಲಿಲ್ಲ.

ಹಳಿಯನ್ನು ಒಂದೊಂದು ಅಡಿಯ, ಅಂದರೆ ಸುಮಾರು 30 ಸೆಂ.ಮೀ.ನ ತುಂಡುಗಳಾಗಿ ಮಾಡಿದೆ. ಪ್ರತಿ ತುಂಡಿನ ತಳಕ್ಕೆ 5 ಮಿ.ಮೀ. ದಪ್ಪದ ಸನ್‌ಬೋರ್ಡ್. ಫಲಕ ಬರೆಯುವ ಅಂಗಡಿಗಳಲ್ಲಿ ಇದರ ಚೂರುಗಳು ಸಿಗುತ್ತವೆ. ರಟ್ಟು ಬಳಸಬಾರದೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಕರಾವಳಿಯ ಮಳೆಗಾಲದಲ್ಲಿ ರಟ್ಟು ತೇವ ಹೀರಿ ಹಪ್ಪಳದಂತೆ ಮುರುಟಿಕೊಳ್ಳುತ್ತದೆ. ಸನ್‌ಬೋರ್ಡ್ ಪ್ಲಾಸ್ಟಿಕ್ಕಿನದಾದ್ದರಿಂದ ಅದಕ್ಕೆ ಆ ಬಾಧೆಯಿಲ್ಲ. ಮೇಲ್ಭಾಗ 36 ಮಿ.ಮೀ., ಬುಡ 46 ಮಿ.ಮೀ. ಇರುವಂತೆ ಎರಡೂ ಅಂಚುಗಳನ್ನು ಓರೆಯಾಗಿ ಕತ್ತರಿಸಿದರೆ ಜಲ್ಲಿ ಹಾಸಿನ ಆಕಾರ ತಾನಾಗಿಯೇ ಬರುತ್ತದೆ.

ಸ್ಲೀಪರಿಗೆ ಐಸ್‌ಕ್ರೀಮ್ ಕಡ್ಡಿಗಿಂತ ಉತ್ತಮವಾದದ್ದು ನನಗೆ ಕಂಡಿಲ್ಲ. ಕಡ್ಡಿಯ ಅಗಲ ಸುಮಾರು 10 ಮಿ.ಮೀ., ದಪ್ಪ 2 ಮಿ.ಮೀ. ಅದನ್ನು ಉದ್ದಕ್ಕೆ ಮೂರು ಸೀಳುಗಳಾಗಿ ಮಾಡಿ, ಗುಂಡಗಿನ ತುದಿಗಳನ್ನು ತೆಗೆದು, 30 ಮಿ.ಮೀ.ಗೆ ಒಂದರಂತೆ ಕತ್ತರಿಸಿದರೆ ಒಂದೇ ಕಡ್ಡಿಯಿಂದ ಒಂಬತ್ತು ಸ್ಲೀಪರುಗಳಾಗುತ್ತವೆ. ಮೀಟರ್‌ಗೇಜಿನ ಮರದ ಸ್ಲೀಪರಿನ 1.8 ಮೀಟರ್ ಉದ್ದವನ್ನು 60ರಿಂದ ಭಾಗಿಸಿದರೆ ಬರುವುದೂ ಅದೇ 30 ಮಿ.ಮೀ. ಇವನ್ನು 12 ಮಿ.ಮೀ. ಅಂತರದಲ್ಲಿ ಅಂಟಿಸಿದರೆ ಒಂದು ತುಂಡಿಗೆ 25 ಬೇಕಾಗುತ್ತವೆ. ಮೊದಲ ಸ್ಲೀಪರನ್ನು ತುದಿಯಿಂದ 6 ಮಿ.ಮೀ. ಒಳಗಿಟ್ಟುಕೊಂಡರೆ ಎರಡು ತುಂಡುಗಳು ಕೂಡುವಲ್ಲಿಯೂ ಅಂತರ ಕೆಡುವುದಿಲ್ಲ.

ಹಳಿಗೆ ಸೈಕಲ್ಲಿನ ಕಡ್ಡಿ. ಇದು 2 ಮಿ.ಮೀ. ದಪ್ಪ, ದೊಡ್ಡ ಸೈಕಲ್ಲಿನದಾದರೆ ಉದ್ದವೂ ಒಂದಡಿಯ ಆಸುಪಾಸು. ಉರುಟಾದ ಕಡ್ಡಿ ಚಪ್ಪಟೆ ಮರದ ಮೇಲೆ ಗಟ್ಟಿಯಾಗಿ ಕೂರುವುದಿಲ್ಲ. ಆದ್ದರಿಂದ ಸ್ಲೀಪರುಗಳ ಅಂಟು ಪೂರ್ತಿ ಒಣಗಿದ ನಂತರ, ಸಾಲಿನ ಉದ್ದಕ್ಕೂ ಉರುಟು ಅರದಿಂದ ಎರಡು ತೆಳುವಾದ ಕಚ್ಚುಗಳನ್ನು ಉಜ್ಜಬೇಕು. ಕಚ್ಚುಗಳ ನಡುವಿನಿಂದ ನಡುವಿಗೆ 18.5 ಮಿ.ಮೀ. ಇದ್ದರೆ ಕಡ್ಡಿಗಳ ಒಳ ಅಂಚುಗಳ ನಡುವೆ 16.5 ಮಿ.ಮೀ. ಉಳಿಯುತ್ತದೆ. ಈ ಅಳತೆಗೆ ಒಂದು ಮರದ ಅಚ್ಚು ಮಾಡಿಟ್ಟುಕೊಳ್ಳುವುದು ಅಗತ್ಯ. ಕಣ್ಣಂದಾಜಿನಲ್ಲಿ ಮಾಡಿದರೆ ಚಕ್ರ ಎಲ್ಲಾದರೂ ಒಂದು ಕಡೆ ಇಳಿದೇ ಇಳಿಯುತ್ತದೆ. ಕಡ್ಡಿಗಳನ್ನು ಅರಾಲ್ಡೈಟ್‌ನಿಂದ ಅಂಟಿಸಿ, ರೆಡ್ ಆಕ್ಸೈಡ್ ಬಳಿದು, ಮೇಲ್ಮೈಯನ್ನು ಮಾತ್ರ ಉಪ್ಪುಕಾಗದದಿಂದ ಉಜ್ಜಿ ಹೊಳಪು ತಂದು, ಕೊನೆಗೆ ವಾರ್ನಿಷ್ ಹಚ್ಚುತ್ತೇನೆ. ಸಮುದ್ರದ ಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುವ ಊರಿನಲ್ಲಿ ವಾರ್ನಿಷನ್ನು ಬಿಡುವಂತಿಲ್ಲ.

ಜಲ್ಲಿಗೆ ಕಡಲತೀರದ ಹೊಯ್ಗೆಯನ್ನು ತರಬೇಡಿ. ಅದರ ಉಪ್ಪು ತೇವವನ್ನು ಎಳೆದುಕೊಂಡು ಹಳಿಯನ್ನು ತಿನ್ನುತ್ತದೆ, ಕಾಳುಗಳೂ ನುಣುಪಾಗಿರುತ್ತವೆ. ಕಲ್ಲು ಒಡೆಯುವ ಕ್ರಷರಿನ ಪುಡಿಯನ್ನು ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದರೆ ಮೂಲೆಮೂಲೆಯಾದ ಸಣ್ಣ ಕಾಳು ಸಿಗುತ್ತದೆ. ಸ್ಲೀಪರುಗಳ ಸಂದಿನಲ್ಲಿ ಅದನ್ನು ಹರಡಿ, ನೀರು ಬೆರೆಸಿದ ಫೆವಿಕಾಲನ್ನು ಹನಿಹನಿಯಾಗಿ ಬಿಟ್ಟರೆ ಸಾಕು.

ಏರಿಯನ್ನು ಹಳಿಗೆ ಅಂಟಿಸದೆ ಥರ್ಮಾಕೋಲಿನಲ್ಲಿ ಬೇರೆಯಾಗಿಯೇ ಮಾಡಿದ್ದೇನೆ. 4 ಸೆಂ.ಮೀ. ಎತ್ತರವಿದ್ದರೆ ನಿಂತ ಸೈನಿಕನೂ ಮರೆಯಾಗುತ್ತಾನೆ. ಇಳಿಜಾರನ್ನು ನಯವಾಗಿ ಕತ್ತರಿಸಿದರೆ ನೋಡಲು ಚಂದ, ಆದರೆ ಗೊಂಬೆಗಳು ಜಾರುತ್ತವೆ. ಅದಕ್ಕಾಗಿ ಗೊಂಬೆಯ 25 ಮಿ.ಮೀ. ಪೀಠ ನಿಲ್ಲುವಷ್ಟು ಅಗಲದ ಮೆಟ್ಟಿಲುಗಳನ್ನು ಕೊಯ್ದು, ತೆಂಗಿನ ನಾರಿನ ಹುಲ್ಲಿನಿಂದ ಮರೆಸಿದೆ. ಆಟದ ಸಾಮಗ್ರಿಯಲ್ಲಿ ಅಂದಕ್ಕಿಂತ ಗೊಂಬೆ ನಿಲ್ಲುವುದೇ ಮುಖ್ಯವೆಂದು ನಾನು ತಿಳಿಯುತ್ತೇನೆ.

ವ್ಯಾಗನ್ನುಗಳ ವಿಷಯ ಹೆಚ್ಚೇನಿಲ್ಲ. ಎಚ್‌ಒ ಪ್ರಮಾಣದ ನಾಲ್ಕು ಚಕ್ರದ ಗೂಡ್ಸ್ ಡಬ್ಬಿಯ ಮೇಲ್ಭಾಗವನ್ನು ಕಳಚಿ, ಸುಮಾರು 10 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಹೊಸ ಪೆಟ್ಟಿಗೆಯನ್ನು ಕೂರಿಸಿದ್ದೇನೆ. ಒಳಗೆ ಸೈನಿಕರನ್ನು ಇಡಲು ಚಾವಣಿ ತೆಗೆಯುವಂತಿರಬೇಕು. ವಿದ್ಯುತ್ತಿನ ಗೊಡವೆಯೇ ಇಲ್ಲ, ರೈಲನ್ನು ಕೈಯಿಂದ ತಳ್ಳುತ್ತೇವೆ.

ನಿಯಮಗಳೂ ಹಳಿಗೆ ತಕ್ಕಂತೆ ಇವೆ. ಏರಿ ಹತ್ತುವ ಸೈನಿಕನ ಆರಿಂಚಿನ ನಡಿಗೆ ಮೂರಿಂಚಿಗೆ ಇಳಿಯುತ್ತದೆ. ರೈಲಿನ ವೇಗವನ್ನು ಒಂದು ಸರದಿಯಲ್ಲಿ ಆರಿಂಚು ಮಾತ್ರ ಹೆಚ್ಚಿಸಬಹುದು ಅಥವಾ ಇಳಿಸಬಹುದು, ಗರಿಷ್ಠ ವೇಗ ಹದಿನೆಂಟಿಂಚು. ಸೇತುವೆಯ ತುಂಡು ನನ್ನಲ್ಲಿ ಎರಡಿದೆ: ಒಂದು ಸುಸ್ಥಿತಿಯದು, ಇನ್ನೊಂದು ಕಡ್ಡಿಗಳನ್ನು ಬಗ್ಗಿಸಿ, ಸ್ಲೀಪರುಗಳನ್ನು ಮುರಿದು ಮಾಡಿದ್ದು. ಚಿಂಡಿಟ್ ಸೈನಿಕರು ಸೇತುವೆಯ ಬುಡದಲ್ಲಿ ಎರಡು ಸರದಿ ಅಡ್ಡಿಯಿಲ್ಲದೆ ಕಳೆದು, ದಾಳದಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ತುಂಡನ್ನು ಬದಲಿಸುತ್ತೇವೆ. ಪೂರ್ಣ ವೇಗದಲ್ಲಿರುವ ರೈಲು ನಿಲ್ಲುವಷ್ಟರಲ್ಲಿ ಇನ್ನೂ ಹದಿನೆಂಟಿಂಚು ಮುಂದೆ ಹೋಗಿರುತ್ತದೆ. ಆದ್ದರಿಂದ ಜಪಾನೀ ಪಡೆಯನ್ನು ನಡೆಸುವ ಆಟಗಾರ ರೈಲಿನಿಂದ ಒಂದು ತುಕಡಿಯನ್ನು ಮೊದಲೇ ಇಳಿಸಿ, ಹಳಿಗುಂಟ ಸೇತುವೆಯ ಕಡೆಗೆ ನಡೆಸಲೇಬೇಕಾಗುತ್ತದೆ.