ಸಾಕ್ಷ್ಯಚಿತ್ರ ಸರಣಿಯನ್ನು ನಡುವಿನಿಂದ ಶುರು ಮಾಡಿ
ಮನೆಯಲ್ಲಿ ಕೂತು ನೋಡಲು ಪ್ರಕೃತಿ ಸಾಕ್ಷ್ಯಚಿತ್ರ ಸರಣಿ ಹುಡುಕುತ್ತಿದ್ದರೆ, ಮೊದಲ ಕಂತು ಬಿಟ್ಟು, ಕಂತುಗಳ ಹೆಸರು ಓದಿ ನಿಮಗೆ ಕುತೂಹಲ ಹುಟ್ಟಿಸಿದ ಒಂದರಿಂದ ಶುರು ಮಾಡಿ. ಮೊದಲ ಕಂತು ಎಷ್ಟೋ ಸಲ ಇಡೀ ಸರಣಿಯ ಪರಿಚಯವಷ್ಟೇ ಆಗಿರುತ್ತದೆ. ಎಲ್ಲವನ್ನೂ ಮುಟ್ಟಿ ಬಿಡುತ್ತದೆ, ಯಾವುದರಲ್ಲೂ ನಿಲ್ಲುವುದಿಲ್ಲ. 2006ರ ‘ಪ್ಲಾನೆಟ್ ಅರ್ಥ್’ನಲ್ಲಿ 11 ಕಂತುಗಳಿವೆ. ಮೊದಲನೆಯದು ಧ್ರುವದಿಂದ ಧ್ರುವಕ್ಕೆ ಒಂದು ಸುತ್ತು. ನಾಲ್ಕನೆಯದು ಬರೀ ಗುಹೆಗಳದ್ದು, ಅದನ್ನೇ ಮೊದಲು ನೋಡಿ, ಖಂಡಿತ ಹಿಡಿದು ಕೂರಿಸುತ್ತದೆ. ಒಂದೊಂದು ಕಂತಿಗೂ ಬೇರೆ ನೆಲೆ ಇರುವುದರಿಂದ ಹಿಂದಿನದು ನೋಡದಿದ್ದರೂ ಏನೂ ತಪ್ಪಿಹೋಗುವುದಿಲ್ಲ. ಆದರೆ ಕಾಲಕ್ರಮದಲ್ಲಿ ಸಾಗುವ ಇತಿಹಾಸದ ಸರಣಿಗೆ ಈ ಉಪಾಯ ನಡೆಯದು. 2017ರ ‘ದಿ ವಿಯೆಟ್ನಾಂ ವಾರ್’ನ 10 ಕಂತುಗಳ ಹೆಸರಲ್ಲೇ ಇಸವಿಗಳಿವೆ, ಹಾಗೆ ಇಸವಿ ಕಂಡರೆ ಮೊದಲಿನಿಂದಲೇ ನೋಡಿ. ‘ಚೆರ್ನೋಬಿಲ್’ನಂಥ (2019, 5 ಕಂತು) ಕಥಾಸರಣಿಯನ್ನಂತೂ ನಡುವೆ ತೆರೆಯಲೇಬೇಡಿ, ಮುಂದೇನಾಯಿತೆಂಬುದು ಮೊದಲೇ ಗೊತ್ತಾಗಿಬಿಡುತ್ತದೆ. ಇನ್ನೊಂದು ಮಾತು: ನಡುವಿನಿಂದ ತೆರೆದಾಗ ಆ್ಯಪ್ ಅಲ್ಲಿಂದ ಮುಂದಿನ ಕಂತುಗಳನ್ನೇ ಹಾಕುತ್ತಾ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಟೋಪ್ಲೇ ಆಫ್ ಮಾಡಿ, ಬಿಟ್ಟುಹೋದ ಕಂತುಗಳನ್ನು ಪಟ್ಟಿಯಿಂದ ನೀವೇ ಆರಿಸಿ.