ಲ್ಯಾಪ್‌ಟಾಪ್ ವಿಚಿತ್ರ ಸದ್ದು ಮಾಡುತ್ತಿದೆಯೇ? ಅಂಗಡಿಗೆ ಒಯ್ಯುವ ಮುನ್ನ ಹೀಗೆ ಪತ್ತೆಹಚ್ಚಿ

ಲ್ಯಾಪ್‌ಟಾಪ್ ಒಳಗೆ ತಿರುಗುವ ಭಾಗಗಳು ಬಹಳ ಕಡಿಮೆ. ಒಂದೋ ಎರಡೋ ಫ್ಯಾನ್, ಸ್ವಲ್ಪ ಹಳೆಯದಾದರೆ ಹಾರ್ಡ್ ಡಿಸ್ಕ್, ಇನ್ನೂ ಹಳೆಯದಾದರೆ ಡಿವಿಡಿ ಡ್ರೈವ್. ಅಷ್ಟೇ. ಹಾಗಾಗಿ ಸದ್ದಿನ ಮೂಲ ಹುಡುಕುವುದು ಅಂದುಕೊಂಡಷ್ಟು ಕಷ್ಟವಲ್ಲ. ‘ಏನೋ ಸೌಂಡ್ ಬರ್ತಿದೆ ನೋಡಿ ಸರ್’ ಎಂದಷ್ಟೇ ಹೇಳಿ ಅಂಗಡಿಯಲ್ಲಿ ಬಿಟ್ಟು ಬಂದರೆ ಮಾತ್ರ ಕಷ್ಟ. ಅಲ್ಲಿ ಆನ್ ಮಾಡಿದಾಗ ಆ ಸದ್ದು ಬರುವುದೇ ಇಲ್ಲ! ಸದ್ದು ಹೇಗಿದೆ ಎನ್ನುವುದಕ್ಕಿಂತ ಯಾವಾಗ ಶುರುವಾಗುತ್ತದೆ, ಏನು ಮಾಡಿದರೆ ನಿಲ್ಲುತ್ತದೆ ಎಂಬುದನ್ನು ಗಮನಿಸಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಟಕ್ ಟಕ್ ಎಂದರೆ ಪರೀಕ್ಷೆ ಆಮೇಲೆ

ಮೊದಲು ನಿಮ್ಮಲ್ಲಿರುವುದು ಯಾವ ಡಿಸ್ಕ್ ಎಂದು ತಿಳಿದುಕೊಳ್ಳಿ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಡಿಸ್ಕ್ ಹೆಸರಿನ ಕೆಳಗೆ ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಮಾಹಿತಿ ಇಡುವ ಡಿಸ್ಕ್) ಅಥವಾ ಎಚ್‌ಡಿಡಿ (ತಟ್ಟೆ ತಿರುಗುವ ಹಾರ್ಡ್ ಡಿಸ್ಕ್) ಎಂದಿರುತ್ತದೆ. ಎಸ್‌ಎಸ್‌ಡಿ ಆದರೆ ಅದರಲ್ಲಿ ತಿರುಗುವ ಭಾಗವೇ ಇಲ್ಲ, ಈ ಭಾಗವನ್ನು ಬಿಟ್ಟು ಮುಂದೆ ಓದಿ.

ಎಚ್‌ಡಿಡಿ ಆದರೆ ಒಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತಿರುತ್ತದೆ. ಅದನ್ನು ಓದುವ ಹೆಡ್ ತಟ್ಟೆಗೆ ತಾಗದಂತೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಓಡಾಡುತ್ತದೆ. ಸುಮ್ಮನಿದ್ದಾಗ ಒಮ್ಮೊಮ್ಮೆ ಮೆಲ್ಲಗೆ ‘ಟಿಕ್’ ಎನ್ನುವುದು ಹೆಡ್ ತನ್ನ ಜಾಗಕ್ಕೆ ಹೋಗಿ ನಿಲ್ಲುವ ಸದ್ದು, ಚಿಂತೆ ಬೇಡ. ಆದರೆ ಒಂದೇ ಲಯದಲ್ಲಿ ಟಕ್, ಟಕ್, ಟಕ್ ಎಂದು ಬಡಿಯುತ್ತ, ಜೊತೆಗೆ ಫೈಲ್ ತೆರೆಯಲು ತಡವಾಗುತ್ತಿದ್ದರೆ, ಹೆಡ್‌ಗೆ ಬೇಕಾದ ಜಾಗ ಸಿಗದೆ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಬರುತ್ತಿದೆ ಎಂದರ್ಥ. ಆಗ ಸ್ಕ್ಯಾನ್ ಬೇಡ, ಡಿಫ್ರಾಗ್ (ಚದುರಿದ ಫೈಲ್ ತುಣುಕುಗಳನ್ನು ಒಟ್ಟುಗೂಡಿಸುವ ಕೆಲಸ) ಅಂತೂ ಬೇಡವೇ ಬೇಡ. ಅವು ಸಾಯುತ್ತಿರುವ ಡಿಸ್ಕ್ ಮೇಲೆ ಇನ್ನಷ್ಟು ಕೆಲಸ ಹೇರುತ್ತವೆ. ಮಕ್ಕಳ ಫೋಟೊ, ಲೆಕ್ಕಪತ್ರ, ಬೇರೆಲ್ಲೂ ಸಿಗದ ಕಡತಗಳನ್ನು ಮೊದಲು ಪೆನ್‌ಡ್ರೈವ್‌ಗೋ ಹೊರಗಿನ ಡಿಸ್ಕ್‌ಗೋ ನಕಲು ಮಾಡಿ. ಸಿನಿಮಾಗಳು ಆಮೇಲೆ. ಡಿಸ್ಕ್ ತೆರೆದುಕೊಳ್ಳದೇ ಹೋದರೆ ಆಫ್ ಮಾಡಿ ಡೇಟಾ ರಿಕವರಿ ಮಾಡುವವರ ಬಳಿ ಕೊಡಿ. ಡಿಸ್ಕನ್ನು ಫ್ರೀಜರ್‌ನಲ್ಲಿಡುವ ಉಪಾಯವನ್ನು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ನಕಲು ಮುಗಿದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕ್ ಆರೋಗ್ಯ ನೋಡಬಹುದು. ಅಲ್ಲಿ ‘ಗುಡ್’ ಎಂದು ಬಂದರೂ ಕಿವಿಗೆ ಕೇಳುವ ಬಡಿತವನ್ನೇ ಹೆಚ್ಚು ನಂಬಿ.

ಮ್ಯೂಟ್ ಮಾಡಿ, ಚಾರ್ಜರ್ ಕೀಳಿ

ಡಿಸ್ಕ್ ಅಲ್ಲ ಎಂದಾದರೆ ಎರಡು ಸುಲಭ ಪರೀಕ್ಷೆಗಳಿವೆ. ಧ್ವನಿ ಪೂರ್ತಿ ಮ್ಯೂಟ್ ಮಾಡಿ. ಸದ್ದು ನಿಂತರೆ ಅದು ಸ್ಪೀಕರ್‌ನದು: ಡ್ರೈವರ್ ತಂತ್ರಾಂಶದ ತೊಡಕು, ಹರಿದ ಸ್ಪೀಕರ್ ಪರದೆ ಅಥವಾ ಪಕ್ಕದಲ್ಲಿಟ್ಟ ಮೊಬೈಲ್. ಕರೆ ಬರುವ ಮುಂಚೆ ‘ಬರ್ರ್ ಬರ್ರ್’ ಎಂದರೆ ಮೊಬೈಲೇ ಕಾರಣ.

ಇನ್ನು ಚಾರ್ಜರ್ ಕಿತ್ತು ನೋಡಿ. ಹೊರಗಿನ ಸ್ಪೀಕರ್‌ಗೆ ತಂತಿ ಜೋಡಿಸಿದಾಗ ಬರುವ ‘ಗುಂಯ್’ ಸದ್ದು ಚಾರ್ಜರ್ ಕಿತ್ತ ಕೂಡಲೇ ಮಾಯವಾದರೆ ಲ್ಯಾಪ್‌ಟಾಪ್ ಕೆಟ್ಟಿಲ್ಲ, ಹೆಚ್ಚಾಗಿ ಅರ್ಥಿಂಗ್ ತೊಂದರೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್‌ಗೆ ಹೇಗೋ ತುರುಕಿದ್ದರೆ ಮೊದಲು ಅದನ್ನು ಸರಿಪಡಿಸಿ.

ಚಾರ್ಜ್ ಆಗುವಾಗ ಅಥವಾ ಗೇಮ್ ಆಡುವಾಗ ಸೊಳ್ಳೆ ಹಾಡಿದಂತೆ ಸಣ್ಣಗೆ ‘ಕೀಂ’ ಎನ್ನುವುದು ಬೇರೆ ವಿಷಯ. ಸರ್ಕ್ಯೂಟ್ ಬೋರ್ಡ್ ಮೇಲಿನ ತಂತಿ ಸುರುಳಿಗಳು ವಿದ್ಯುತ್ತಿನ ಏರಿಳಿತಕ್ಕೆ ಕಂಪಿಸಿ ಹೊರಡುವ ಸದ್ದು ಅದು. ಕಿರಿಕಿರಿಯೇ ಹೊರತು ಅಪಾಯವಿಲ್ಲ. ವಯಸ್ಸಾದಂತೆ ಕೀಚಲು ಸದ್ದು ಕೇಳುವ ಶಕ್ತಿ ಕುಗ್ಗುವುದರಿಂದ ಮಗಳಿಗೆ ಕೇಳಿಸಿದ್ದು ಅಪ್ಪನಿಗೆ ಕೇಳಿಸದಿರಬಹುದು. ಇಬ್ಬರೂ ಜಗಳವಾಡಬೇಕಿಲ್ಲ.

ಬಹುಪಾಲು ದೂರು ಫ್ಯಾನ್‌ನದ್ದೇ

ಫ್ಯಾನ್ ಜೋರಾಗಿ ತಿರುಗುವುದೇ ರೋಗವಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು (ಲ್ಯಾಪ್‌ಟಾಪಿನ ಮುಖ್ಯ ಪ್ರೊಸೆಸರ್) ಅಂಕಣ ನೋಡಿ. ಯಾವುದೋ ಪ್ರೋಗ್ರಾಂ ಅದನ್ನು ಹೀರುತ್ತಿದ್ದರೆ ಫ್ಯಾನ್ ತನ್ನ ಕೆಲಸ ಮಾಡುತ್ತಿದೆ ಅಷ್ಟೇ. ವಿಂಡೋಸ್ ಅಪ್‌ಡೇಟ್ ಆದ ಮೇಲೆ ಸ್ವಲ್ಪ ಹೊತ್ತು ಹೀಗಾಗುವುದು ಸಾಮಾನ್ಯ. ಸಿಪಿಯು ಆರಾಮವಾಗಿದ್ದೂ ‘ಸುಯ್’ ಎಂದು ಬೀಸುತ್ತಿದ್ದರೆ ಗಾಳಿಕಿಂಡಿ ಮುಚ್ಚಿದೆ ಅಥವಾ ಒಳಗೆ ದೂಳು ಕಟ್ಟಿದೆ. ಹಾಸಿಗೆ ಮೇಲೆ, ದಿಂಬಿನ ಮೇಲೆ ಇಟ್ಟುಕೊಳ್ಳುವವರು ಮೊದಲು ಮೇಜಿನ ಮೇಲಿಟ್ಟು ನೋಡಿ. 2020ರಲ್ಲಿ ಬಂದ ಎಂ1 ಮ್ಯಾಕ್‌ಬುಕ್ ಏರ್‌ನಂಥ ಕೆಲವು ಯಂತ್ರಗಳಲ್ಲಿ ಫ್ಯಾನೇ ಇರುವುದಿಲ್ಲ ಎಂಬುದೂ ನೆನಪಿರಲಿ.

‘ಗರಗರ’, ‘ಕರ್ರ್’ ಎಂದರೆ ಮಾತು ಬೇರೆ. ಕಾಗದವನ್ನು ಕೊಳವೆಯಂತೆ ಸುತ್ತಿ ಒಂದು ತುದಿಯನ್ನು ಕಿವಿಗೆ, ಇನ್ನೊಂದನ್ನು ಬಿಸಿಗಾಳಿ ಬರುವ ಕಿಂಡಿಯ ಬಳಿ ಹಿಡಿದು ಕೇಳಿ. ಹಾರ್ಡ್ ಡಿಸ್ಕ್ ಇದ್ದರೆ ಸಾಮಾನ್ಯವಾಗಿ ಅಂಗೈ ಊರುವ ಜಾಗದ ಕೆಳಗಿರುತ್ತದೆ, ಅಲ್ಲೂ ಹಿಡಿದು ಹೋಲಿಸಿ. ಆನಂತರ ಲ್ಯಾಪ್‌ಟಾಪನ್ನು ನಿಧಾನವಾಗಿ ಓರೆ ಮಾಡಿ (ಎಚ್‌ಡಿಡಿ ಇರುವವರು ಈ ಪರೀಕ್ಷೆ ಬಿಟ್ಟುಬಿಡಿ). ಓರೆ ಮಾಡಿದಾಗ ಸದ್ದು ಬದಲಾದರೆ ಫ್ಯಾನ್ ಬೇರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು. ‘ಪಟಪಟ’ ಎಂದರೆ ಎಲೆಗಳಿಗೆ ತಂತಿಯೋ ಕಸವೋ ತಾಗುತ್ತಿದೆ.

ದೂಳು ತೆಗೆಯುವಾಗ ಯಂತ್ರ ಆಫ್ ಇರಲಿ, ಚಾರ್ಜರ್ ಕಿತ್ತಿರಲಿ. ಡಬ್ಬಿಯಲ್ಲಿ ಒತ್ತಿ ತುಂಬಿ ಮಾರುವ ಗಾಳಿಯನ್ನು ಕಿಂಡಿಗೆ ಸ್ವಲ್ಪಸ್ವಲ್ಪವೇ ಬಿಡಿ. ಹಿಂಬದಿ ಬಿಚ್ಚಿದ್ದರೆ ಫ್ಯಾನ್ ತಿರುಗದಂತೆ ಹಲ್ಲುಕಡ್ಡಿಯಿಂದ ತಡೆದುಕೊಳ್ಳಿ; ಗಾಳಿಯ ರಭಸಕ್ಕೆ ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಬಾಯಿಂದ ಊದಿದರೆ ಎಂಜಲು, ವ್ಯಾಕ್ಯೂಮ್ ಕ್ಲೀನರ್‌ನಿಂದ ಸ್ಥಿರವಿದ್ಯುತ್ತಿನ ಭಯ. ಸವೆದ ಬೇರಿಂಗ್‌ಗೆ ಎಣ್ಣೆ ಬಿಡುವುದು ತಾತ್ಕಾಲಿಕ ಉಪಚಾರ. ಕೊಬ್ಬರಿ ಎಣ್ಣೆಯನ್ನಂತೂ ಮುಟ್ಟಬೇಡಿ, ಚಳಿಗೆ ಗಟ್ಟಿಯಾಗಿ ದೂಳನ್ನೂ ಹಿಡಿದುಕೊಳ್ಳುತ್ತದೆ. ಫ್ಯಾನ್ ಬದಲಿಸುವುದೇ ಸರಿ.

ಇನ್ನೆರಡು ಮಾತು. ಆನ್ ಮಾಡಿದಾಗ ಪರದೆ ಕಪ್ಪಾಗಿದ್ದು ಬೀಪ್ ಬೀಪ್ ಎಂದರೆ ಎಷ್ಟು ಸಲ ಎಂದು ಎಣಿಸಿ. ಅದು ಕಂಪನಿಯ ಸಂಕೇತ, ಅರ್ಥ ಆ ಮಾದರಿಯ ಕೈಪಿಡಿಯಲ್ಲಿ ಸಿಗುತ್ತದೆ. ಟಚ್‌ಪ್ಯಾಡ್ ಉಬ್ಬಿ, ಕವಚ ‘ಕಿರ್’ ಎನ್ನುತ್ತ ಸಂದಿ ಬಿಟ್ಟಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಅದನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಹಾಕಬೇಡಿ. ಆಫ್ ಮಾಡಿ ನೇರ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ.

ಉಳಿದವರು ಹೊರಡುವ ಮುನ್ನ ಸದ್ದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಯಾವಾಗ ಬರುತ್ತದೆಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ವಾರಂಟಿ ಇದ್ದರೆ ಸ್ಕ್ರೂಡ್ರೈವರ್ ಮುಟ್ಟದೆ ಕಂಪನಿಗೇ ಕೊಡಿ. ವಾರಂಟಿ ಮುಗಿದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ನಿಮ್ಮೂರಿನ ಅಂಗಡಿಯಲ್ಲೋ ಫ್ಯಾನ್ ಕೊಳ್ಳುವುದಾದರೆ, ಲ್ಯಾಪ್‌ಟಾಪ್ ತಳದಲ್ಲಿ ಬರೆದಿರುವ ಪೂರ್ತಿ ಮಾದರಿ ಸಂಖ್ಯೆಯ ಜೊತೆಗೆ ಹಳೆಯ ಫ್ಯಾನ್ ಮೇಲಿನ ಸಂಖ್ಯೆಯನ್ನೂ ತೋರಿಸಿ. ಒಂದೇ ಹೆಸರಿನ ಲ್ಯಾಪ್‌ಟಾಪ್‌ಗಳಿಗೂ ಫ್ಯಾನ್ ಬೇರೆ ಬೇರೆ ಇರುವುದುಂಟು.