ಯಾವ ಡೇಟಾ ಕೊಟ್ಟರೂ ಹಿಡಿಯುವ ಲಿಂಕ್ಡ್ ಲಿಸ್ಟ್

ಸಿ ಭಾಷೆಯಲ್ಲಿ ಪೂರ್ಣಾಂಕಕ್ಕೊಂದು, ಹೆಸರಿಗೊಂದು, ದಶಮಾಂಶಕ್ಕೊಂದು ಎಂದು ಅದೇ ಲಿಂಕ್ಡ್ ಲಿಸ್ಟನ್ನು (ಒಂದೊಂದು ಕೊಂಡಿಯೂ ಮುಂದಿನದರ ವಿಳಾಸ ಹಿಡಿದಿರುವ ಸರಪಳಿ) ಮೂರು ಸಲ ಬರೆಯುವವರನ್ನು ನೋಡುತ್ತಲೇ ಇರುತ್ತೇನೆ. ವಾಯ್ಡ್ ಪಾಯಿಂಟರ್ (ಯಾವ ಟೈಪಿನ ಡೇಟಾ ಆದರೂ ಮೆಮೊರಿಯಲ್ಲಿ ಅದರ ವಿಳಾಸ ಹಿಡಿಯುವ ವೇರಿಯಬಲ್) ಇದ್ದರೆ ಒಂದೇ ಲಿಸ್ಟ್ ಸಾಕು.

ಹಂತ 1: ನೋಡ್, ಅಂದರೆ ಸರಪಳಿಯ ಒಂದು ಕೊಂಡಿ, ಬರೆಯಿರಿ. ಡೇಟಾಗೆ ಒಂದು ವಾಯ್ಡ್ ಪಾಯಿಂಟರ್, ಮುಂದಿನ ನೋಡ್‌ಗೆ ಒಂದು ನೆಕ್ಸ್ಟ್. ಅಷ್ಟೇ.

ಹಂತ 2: ಡೇಟಾ ಸೇರಿಸುವುದು. ಎಡವುವುದು ಇಲ್ಲೇ. ಲೂಪಿನ ಹೊರಗೆ ಐ ಎಂಬ ವೇರಿಯಬಲ್ ಇಟ್ಟು, ಅದು 0, 1, 2 ಆದಂತೆಲ್ಲ ಅದರ ವಿಳಾಸವನ್ನೇ ಲಿಸ್ಟಿಗೆ ಕೊಡುತ್ತಾರೆ. ಕೊನೆಗೆ ಪ್ರಿಂಟ್ ಮಾಡಿದರೆ 0, 1, 2 ಬರಬೇಕು ಅಲ್ವಾ? ಬರುವುದು 3, 3, 3. ನೋಡ್ ಮೂರಿದ್ದರೂ ಎಲ್ಲದರಲ್ಲೂ ಇರುವುದು ಒಂದೇ ವಿಳಾಸ. ಲೂಪ್ ನಿಂತಾಗ ಅಲ್ಲಿ ಉಳಿದದ್ದು 3. ಫಂಕ್ಷನ್ ಒಳಗಿನ ವೇರಿಯಬಲ್ ಆದರಂತೂ ಫಂಕ್ಷನ್ ಮುಗಿದ ಮೇಲೆ ಆ ವಿಳಾಸಕ್ಕೆ ಅರ್ಥವೇ ಇಲ್ಲ. ಕೆಲವೊಮ್ಮೆ ಸರಿ ಉತ್ತರವೇ ಬಂದು ತಪ್ಪು ಅಡಗಿಬಿಡುತ್ತದೆ.

ಆದ್ದರಿಂದ ಲಿಸ್ಟಿಗೆ ನಕಲು ಕೊಡಿ. ಸೇರಿಸುವ ಫಂಕ್ಷನ್ ಡೇಟಾದ ವಿಳಾಸ, ಅದರ ಗಾತ್ರ ಎರಡನ್ನೂ ತೆಗೆದುಕೊಳ್ಳಲಿ. ಅಷ್ಟು ಬೈಟ್‌ಗೆ ಮ್ಯಾಲಕ್ ಮಾಡಿ (ಮೆಮೊರಿಯಲ್ಲಿ ಜಾಗ ಕೇಳಿ), ನಲ್ ಬಂತೇ ನೋಡಿ (ಬಂದರೆ ಜಾಗ ಸಿಕ್ಕಿಲ್ಲ), ಆ ಜಾಗಕ್ಕೆ ಡೇಟಾದ ಬೈಟ್‌ಗಳನ್ನು ಮೆಮ್‌ಕಾಪಿ ಮಾಡಿ. ಗಾತ್ರ ಕೊಡುವಾಗ ಪಾಯಿಂಟರ್‌ನ ಸೈಜ್‌ಆಫ್ (ಬೈಟ್‌ನಲ್ಲಿ ಗಾತ್ರ) ಕೊಡಬೇಡಿ. 64 ಬಿಟ್ ಯಂತ್ರದಲ್ಲಿ ಸಾಮಾನ್ಯವಾಗಿ 8 ಬೈಟ್ ಮಾತ್ರ ನಕಲಾಗುತ್ತದೆ. ಸ್ಟ್ರಿಂಗ್ ಆದರೆ ಉದ್ದಕ್ಕೆ 1 ಸೇರಿಸಿ, ಕೊನೆಯ ಸೊನ್ನೆಗೂ ಜಾಗ ಬೇಕು. ಸ್ಟ್ರಕ್ಟ್ (ಹಲವು ವೇರಿಯಬಲ್‌ಗಳ ಗುಂಪು) ಒಳಗೆ ಇನ್ನೊಂದು ಪಾಯಿಂಟರ್ ಇದ್ದರೆ ಎಚ್ಚರ: ಮೆಮ್‌ಕಾಪಿ ವಿಳಾಸವನ್ನಷ್ಟೇ ನಕಲು ಮಾಡುತ್ತದೆ, ಅಲ್ಲಿರುವುದನ್ನಲ್ಲ.

ಕೆಲವರು ಸಂಖ್ಯೆಯನ್ನೇ ಪಾಯಿಂಟರ್ ಆಗಿ ಕಾಸ್ಟ್ ಮಾಡಿ (ಟೈಪ್ ಬದಲಿಸಿ) ತುರುಕುತ್ತಾರೆ. ಸುಮ್ನೆ ತಲೆನೋವು, ಮಾಡಬೇಡಿ. ಸಿಯಲ್ಲಿ ಮ್ಯಾಲಕ್ ಕೊಟ್ಟದ್ದನ್ನು ಕಾಸ್ಟ್ ಮಾಡುವುದೂ ಬೇಡ. ಅದು ಸಿ++ಗೆ ಬೇಕಾದದ್ದು.

ಹಂತ 3: ಪ್ರಿಂಟ್. ವಾಯ್ಡ್ ಪಾಯಿಂಟರ್ ಹಿಂದೆ ಏನಿದೆ ಎಂದು ಕಂಪೈಲರ್‌ಗೆ ಗೊತ್ತಿಲ್ಲ. ಹಾಗಾಗಿ ಪ್ರಿಂಟ್ ಮಾಡುವ ಫಂಕ್ಷನ್‌ನ ಪಾಯಿಂಟರನ್ನು ಲಿಸ್ಟ್ ಬಳಸುವವರೇ ಕೊಡಲಿ. ತಪ್ಪು ಟೈಪಿಗೆ ಕಾಸ್ಟ್ ಮಾಡಿದರೂ ಕಂಪೈಲರ್ ತಡೆಯುವುದಿಲ್ಲ. ಅದಕ್ಕೇ ಒಂದು ಲಿಸ್ಟಿನಲ್ಲಿ ಒಂದೇ ಟೈಪ್ ಇಡಿ. ಬೆರಕೆ ಬೇಡವೇ ಬೇಡ.

ಹಂತ 4: ಖಾಲಿ ಮಾಡುವುದು. ನೆಕ್ಸ್ಟನ್ನು ಮೊದಲು ಬೇರೆ ಕಡೆ ಇಟ್ಟುಕೊಳ್ಳಿ, ಡೇಟಾ ಫ್ರೀ ಮಾಡಿ (ಮ್ಯಾಲಕ್ ಕೊಟ್ಟ ಜಾಗ ವಾಪಸ್ ಕೊಡಿ), ಕೊನೆಗೆ ನೋಡ್. ಈ ಕ್ರಮ ತಪ್ಪಿದರೆ ಫ್ರೀ ಆದ ನೋಡ್‌ನಲ್ಲಿ ನೆಕ್ಸ್ಟ್ ಹುಡುಕುತ್ತೀರಿ. ಆಮೇಲೆ ಮೆಮೊರಿ ಸೋರಿಕೆ ಹಿಡಿಯುವ ವ್ಯಾಲ್‌ಗ್ರೈಂಡ್‌ನಲ್ಲಿ ಓಡಿಸಿ. ಒಂದು ಬೈಟ್ ಸೋರಿದರೂ ಹಂತ 2ಕ್ಕೆ ವಾಪಸ್ ಹೋಗಿ, ಪ್ರತಿ ಮ್ಯಾಲಕ್‌ಗೂ ಒಂದು ಫ್ರೀ ಇದೆಯೇ ಎಣಿಸಿ.